ಊರು ಬೆಳೆದರೆ ಮನೆಗೆ ಏನು ಬಂತು?

ಮೈಸೂರು ಬೆಳೆಯುತ್ತಿದೆ. ಇಲ್ಲಿನ ಜನರ ಬದುಕೂ ಅದರ ಜೊತೆ ಸುಧಾರಿಸುತ್ತಿದೆಯಾ? ಕಳೆದ ಸಂಚಿಕೆಯಲ್ಲಿ ಇದೇ ಪ್ರಶ್ನೆ ಇಟ್ಟು ಪತ್ರ ಬರೆಯಿರಿ ಎಂದಿದ್ದೆ. ಬಂದ ಪತ್ರಗಳಲ್ಲಿ ಹೊಗಳಿಕೆ ಕಡಿಮೆ, ಲೆಕ್ಕ ಜಾಸ್ತಿ. ಓದಿ ಸಂತೋಷವಾಯಿತು. ಸರ್ಕಾರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಪುಸ್ತಕದ ಲೆಕ್ಕಕ್ಕಿಂತ ಮನೆ ಲೆಕ್ಕ ಎಷ್ಟೋ ಸಲ ಹೆಚ್ಚು ಸತ್ಯ ಹೇಳುತ್ತದೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು. ಹಾಗಾಗಿ ಎಲ್ಲರದ್ದೂ ಊರು, ಬಡಾವಣೆ ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಬೆಂಗಳೂರಿನ ಪೀಣ್ಯದಲ್ಲಿ ಕೆಲಸ, ಕೈಗೆ 38 ಸಾವಿರ ಬರುತ್ತದೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ 27 ಸಾವಿರಕ್ಕೆ ಕರೆದಿದ್ದಾರೆ. ಅಮ್ಮ ಮೈಸೂರಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಸ್ನೇಹಿತರು ‘11 ಸಾವಿರ ಬಿಟ್ಟು ಹೋಗ್ತೀಯಾ, ಹುಚ್ಚಾ?’ ಅಂತಾರೆ. ಏನು ಮಾಡಲಿ ಮೇಡಂ?
— ಮೈಸೂರಿನ ಹುಡುಗ, ಸದ್ಯಕ್ಕೆ ಪೀಣ್ಯ

ಉತ್ತರ: ನನ್ನ ವಿದ್ಯಾರ್ಥಿಗಳ ವಯಸ್ಸಿನವನು ನೀನು, ಏಕವಚನದಲ್ಲೇ ಬರೆಯುತ್ತೇನಪ್ಪ. ಖರ್ಚಿನ ಪಟ್ಟಿ ಕಳಿಸಿದ್ದು ಒಳ್ಳೆಯದಾಯಿತು. ರೂಮಿನ ಬಾಡಿಗೆಯಲ್ಲಿ ನಿನ್ನ ಪಾಲು 9 ಸಾವಿರ. ಊಟ ತಿಂಡಿಗೆ 7 ಸಾವಿರ. ಪೆಟ್ರೋಲಿಗೆ 3 ಸಾವಿರ. ವಾರದ ಕೊನೆಗೆ ಮೈಸೂರಿಗೆ ಓಡಾಡಲು ಎರಡೂವರೆ ಸಾವಿರ. ಅಮ್ಮನಿಗೆ 5 ಸಾವಿರ. ಒಟ್ಟು ಇಪ್ಪತ್ತಾರೂವರೆ ಸಾವಿರ. ಉಳಿಯುವುದು ಹನ್ನೊಂದೂವರೆ.

ಈಗ ಮೈಸೂರಿನ ಲೆಕ್ಕ ನೋಡು. ಮನೆ ಸ್ವಂತದ್ದು. ಇಬ್ಬರ ಊಟ, ಕರೆಂಟು, ಗ್ಯಾಸು ಎಲ್ಲ ಸೇರಿ 9 ಸಾವಿರ ಎಂದಿದ್ದೀಯ. ಪೆಟ್ರೋಲಿಗೆ ಇನ್ನೊಂದು 2 ಸಾವಿರ ಇಟ್ಟುಕೋ. 27ರಲ್ಲಿ 11 ಹೋದರೆ 16 ಸಾವಿರ ಉಳಿಯಿತು. ಅಂದರೆ ಸಂಬಳ 11 ಸಾವಿರ ಕಡಿಮೆಯಾದರೂ ಉಳಿತಾಯ ನಾಲ್ಕೂವರೆ ಸಾವಿರ ಜಾಸ್ತಿ. ಇದರಲ್ಲಿ ಸಮಯದ ಬೆಲೆ ಸೇರಿಸಿಯೇ ಇಲ್ಲ. ದಿನಕ್ಕೆ ಎರಡೂವರೆ ಗಂಟೆ ಟ್ರಾಫಿಕ್ಕಿನಲ್ಲಿ ಇರುತ್ತೇನೆ ಎಂದಿದ್ದೀಯ. ಆ ಹೊತ್ತಿಗೆ ಯಾರೂ ಸಂಬಳ ಕೊಡುವುದಿಲ್ಲ.

ಹಾಗಂತ ಸ್ನೇಹಿತರ ಮಾತು ಪೂರ್ತಿ ತಳ್ಳಿಹಾಕಬೇಡ. ಪೀಣ್ಯದಲ್ಲಿ ಒಂದು ಕಂಪನಿ ಬಾಗಿಲು ಹಾಕಿದರೆ ಪಕ್ಕದ ರಸ್ತೆಯಲ್ಲಿ ಇನ್ನೊಂದು ಸಿಗುತ್ತದೆ. ದೊಡ್ಡ ಊರಿನ ನಿಜವಾದ ಅನುಕೂಲ ಅದೇ. ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿ, ಕೂರ್ಗಳ್ಳಿ, ಆ ಕಡೆ ಕಡಕೊಳ, ನಂಜನಗೂಡು ಎಲ್ಲ ಸೇರಿಸಿದರೂ ನಮ್ಮಲ್ಲಿ ಕೆಲಸ ಕೊಡುವವರ ಸಂಖ್ಯೆ ಚಿಕ್ಕದು. ಟೈರು, ಆಕ್ಸಲ್, ದ್ವಿಚಕ್ರ ವಾಹನ, ಸರ್ಕ್ಯೂಟ್ ಬೋರ್ಡು, ಬಿಇಎಂಎಲ್‌ನ ದೊಡ್ಡ ಯಂತ್ರಗಳು ಹೀಗೆ ಕೆಲಸದ ವೈವಿಧ್ಯ ಇದೆ, ನಿಜ. ಆದರೆ ಒಂದರಿಂದ ಇನ್ನೊಂದಕ್ಕೆ ಹಾರುವುದು ಸುಲಭವಲ್ಲ.

ಆದ್ದರಿಂದ ಎರಡು ವಿಷಯ ಕೇಳಿ ತಿಳಿದುಕೋ. ಕೆಲಸ ಕಂಪನಿಯ ರೋಲಿನಲ್ಲೋ, ಗುತ್ತಿಗೆದಾರನ ಕೈಕೆಳಗೋ? ಪಿಎಫ್ ಯಾರ ಹೆಸರಲ್ಲಿ ಕಟ್ಟುತ್ತಾರೆ ಎಂದು ಕೇಳಿದರೆ ಉತ್ತರ ತಾನಾಗಿ ಸಿಗುತ್ತದೆ. ಇನ್ನೊಂದು, ಅಲ್ಲಿ ಏನು ಕಲಿಯುತ್ತೀಯ? ಸಿಎನ್‌ಸಿ ಪ್ರೋಗ್ರಾಮಿಂಗ್, ಅಂದರೆ ಕಂಪ್ಯೂಟರ್ ನಿಯಂತ್ರಿತ ಯಂತ್ರಕ್ಕೆ ಕೆಲಸದ ಸೂಚನೆ ಬರೆಯುವುದು, ಕೈಗೆ ಬಂದರೆ ನಾಳೆ ಎಲ್ಲಿ ಹೋದರೂ ಅನ್ನ ಇದೆ. ಬಟನ್ ಒತ್ತಿ ಪೀಸು ಎಣಿಸುವ ಕೆಲಸವಾದರೆ ಮೂರು ವರ್ಷ ಕಳೆದರೂ 27 ಸಾವಿರ 30 ಆಗಿರುತ್ತದೆ ಅಷ್ಟೆ. ರೋಲಿನಲ್ಲಿ ತಗೊಂಡು ಕಲಿಯಲು ಬಿಡುತ್ತಾರೆ ಅಂದರೆ ಬಾ. ಗುತ್ತಿಗೆಯಾದರೆ ಬೇಡ, ಅಲ್ಲೇ ಇದ್ದು ಇನ್ನೊಂದು ಹುಡುಕು. ಅಮ್ಮ ಏನಂತಾರೆ ಅಂತ ನೀನು ಬರೆದಿಲ್ಲ. ಅವರನ್ನೂ ಕೇಳು.

ಪ್ರಶ್ನೆ: ಮೈಸೂರಿಗೆ ಅಭಿವೃದ್ಧಿ ಯಾಕೆ ಬೇಕು? ಇದು ಪಿಂಚಣಿದಾರರ ಸ್ವರ್ಗ ಎಂದು ಹೆಸರಾದ ಊರು. ಕಾರ್ಖಾನೆ, ಐಟಿ ಕಂಪನಿ ತಂದು ಇದನ್ನೂ ಬೆಂಗಳೂರು ಮಾಡುವುದು ಬೇಡ. ಇದ್ದ ಹಾಗೇ ಇರಲಿ ಬಿಡಿ.
— ನಿವೃತ್ತರು, ಜಯಲಕ್ಷ್ಮೀಪುರಂ

ಉತ್ತರ: ನಿಮ್ಮ ಆತಂಕ ನನಗೂ ಇದೆ ಸರ್. ಆದರೆ ‘ಇದ್ದ ಹಾಗೇ’ ಎಂದರೆ ಯಾವ ವರ್ಷದ ಮೈಸೂರು? ಕೈಗಾರಿಕೆ ಇಲ್ಲದ ಮೈಸೂರು ನಮ್ಮ ಅಜ್ಜಂದಿರ ಕಾಲದಲ್ಲೂ ಇರಲಿಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಮೊದಲು ಅದು ಹೋದದ್ದು ಕೋಲಾರದ ಚಿನ್ನದ ಗಣಿಗೆ, 1908ರಲ್ಲಿ ಮೈಸೂರಿಗೂ ಬಂತು. 1911ರಲ್ಲಿ ಸಂಸ್ಥಾನವೇ ಎಕನಾಮಿಕ್ ಕಾನ್ಫರೆನ್ಸ್ ಕಟ್ಟಿ ಶಿಕ್ಷಣ, ಕೃಷಿ, ಕೈಗಾರಿಕೆ ಹೇಗೆ ಬೆಳೆಸಬೇಕೆಂದು ಚರ್ಚೆ ನಡೆಸಿತು. 1912ರಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಬಂತು, ಕೆಲವೇ ವರ್ಷಗಳಲ್ಲಿ ಗಂಧದ ಎಣ್ಣೆ ಕಾರ್ಖಾನೆಯೂ ಬಂತು. 1916ರಲ್ಲಿ ವಿಶ್ವವಿದ್ಯಾಲಯ. 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಇವತ್ತಿನವರೆಗೂ ದೇಶದ ಮತದಾರರ ಬೆರಳಿಗೆ ಶಾಯಿ ಕೊಡುತ್ತಿದೆ. ನಾಲ್ವಡಿಯವರ, ವಿಶ್ವೇಶ್ವರಯ್ಯನವರ ಮೈಸೂರು ಸುಮ್ನೆ ಕೂತ ಊರಾಗಿರಲಿಲ್ಲ.

ನಿಮಗೂ ನೆನಪಿರಬೇಕು, ಯಾದವಗಿರಿಯಲ್ಲಿ ಜಾವಾ ಮೋಟಾರ್ ಸೈಕಲ್ ಕಾರ್ಖಾನೆ ಇತ್ತು. 1996ರಲ್ಲಿ ಅದು ಮುಚ್ಚಿತು. ಆ ಸೈರನ್ನಿನ ಮೇಲೆ ಎಷ್ಟು ಮನೆಗಳ ಅಡುಗೆಯ ಹೊತ್ತು ನಿಂತಿತ್ತು, ಎಷ್ಟು ಚಹಾ ಅಂಗಡಿ, ಟೈಲರ್, ಸ್ಕೂಲ್ ಫೀಸು ಅದರ ಹಿಂದೆ ಇತ್ತು ಎಂದು ಆ ಭಾಗದ ಹಳಬರು ಈಗಲೂ ಹೇಳುತ್ತಾರೆ. ಕೆಲಸ ಹೋದ ಊರು ಶಾಂತವಾಗಿ ಕಾಣುತ್ತದೆ, ನಿಜ. ಆ ಶಾಂತಿಗೆ ಬೆಲೆ ತೆತ್ತವರು ಬೇರೆಯವರು. ಅವರ ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದರು.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಪಿಂಚಣಿ, ನನ್ನ ಪಿಂಚಣಿ ಬರುವುದು ದುಡಿಯುವವರ ತೆರಿಗೆಯಿಂದ. ಅವರ ದುಡಿಮೆಗೆ ನಮ್ಮ ಊರಲ್ಲಿ ಜಾಗ ಬೇಡ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನಿಮ್ಮ ಕೋಪ ಇರಬೇಕಾದದ್ದು ಕಾರ್ಖಾನೆಯ ಮೇಲಲ್ಲ, ಹಿಂದುಮುಂದು ನೋಡದ ಬೆಳವಣಿಗೆಯ ಮೇಲೆ. ನೀವಿರುವ ಬಡಾವಣೆ ಯಾಕೆ ಚೆನ್ನಾಗಿದೆ ಎಂಬುದಕ್ಕೆ ಉತ್ತರ ಮುಂದಿನ ಪತ್ರದಲ್ಲಿದೆ.

ಪ್ರಶ್ನೆ: ರಿಂಗ್ ರಸ್ತೆಯ ಆಚೆ ಖಾಸಗಿ ಬಡಾವಣೆಯಲ್ಲಿ ಸೈಟು ತಗೊಂಡು ಮನೆ ಕಟ್ಟಿದ್ದೇವೆ. ಸಾಲ ಇನ್ನೂ ತೀರಿಲ್ಲ. ರಸ್ತೆ, ಪಾರ್ಕು, ಕಮಾನು ಎಲ್ಲ ಚೆನ್ನಾಗಿದೆ. ಆದರೆ ಕಾವೇರಿ ನೀರಿಲ್ಲ, ಬೋರ್‌ವೆಲ್ ನೀರು ಗಡಸು. ಬೇಸಿಗೆಯಲ್ಲಿ ಟ್ಯಾಂಕರ್. ಒಳಚರಂಡಿ ಪೈಪು ಇದೆ, ಆದರೂ ಮಳೆ ಬಂದರೆ ವಾಸನೆ. ಸುತ್ತ ಸೈಟಿನ ಬೆಲೆ ಮಾತ್ರ ಏರುತ್ತಲೇ ಇದೆ. ಇದೇನಾ ಅಭಿವೃದ್ಧಿ?
— ಗೃಹಿಣಿ, ಬೋಗಾದಿ ಕಡೆ

ಉತ್ತರ: ಇಲ್ಲ ತಾಯಿ, ಸೈಟಿನ ಬೆಲೆ ಏರುವುದು ಅಭಿವೃದ್ಧಿಯಲ್ಲ. ಮಾರುವವರಿಗೆ ಅದು ಲಾಭ. ಅಲ್ಲೇ ಬದುಕುವವರಿಗೆ ಅದರಿಂದ ಒಂದು ಬಿಂದಿಗೆ ನೀರೂ ಬರುವುದಿಲ್ಲ.

ಒಂದು ಚರಿತ್ರೆ ಹೇಳುತ್ತೇನೆ. 1898ರಲ್ಲಿ ಮೈಸೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಕೇರಿಗಳು, ಗಾಳಿಯಿಲ್ಲದ ಮನೆಗಳು, ಕೊಳಕು ನೀರು. ಜನ ಸತ್ತರು, ಊರು ಬಿಟ್ಟರು. ಅದರ ಪಾಠದಿಂದಲೇ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ನಮ್ಮ ಹಿರಿಯರ ಬಾಯಲ್ಲಿ ಅದು ಸಿಐಟಿಬಿ. ದೇಶದಲ್ಲೇ ಇಂಥ ಮೊದಲ ಕೆಲವು ಸಂಸ್ಥೆಗಳಲ್ಲಿ ಅದೂ ಒಂದು. ಚಾಮರಾಜಪುರಂ, ಲಕ್ಷ್ಮೀಪುರಂ ಮುಂತಾದ ಹಳೆಯ ಬಡಾವಣೆಗಳಲ್ಲಿ ಒಂದು ಸುತ್ತು ನಡೆದು ನೋಡಿ. ಮನೆಗಳ ಹಿಂದೆ ಕಿರಿದಾದ ಕನ್ಸರ್ವೆನ್ಸಿ ಗಲ್ಲಿ ಕಾಣುತ್ತದೆ. ಈಗ ಅದರಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ, ಸೌದೆ ಜೋಡಿಸುತ್ತಾರೆ. ಆದರೆ ಅದನ್ನು ಬಿಟ್ಟದ್ದು ಮನೆಯ ಹೊಲಸು ಮುಂದಿನ ರಸ್ತೆಗೆ ಬಾರದೆ ಹಿಂದಿನಿಂದಲೇ ಹೋಗಲಿ ಎಂದು. ಮನೆ ಕಟ್ಟುವ ಮೊದಲೇ ಹೊಲಸು ಎಲ್ಲಿಗೆ ಹೋಗಬೇಕು ಎಂದು ಯೋಚಿಸಿದ್ದರು! ನಾವು ಮೈಸೂರು ಚಂದ ಅನ್ನುವಾಗ ಅರಮನೆ, ದೀಪ ನೆನೆಯುತ್ತೇವೆ. ನನ್ನ ಕಣ್ಣಿಗೆ ಈ ಹಿಂದಿನ ಗಲ್ಲಿಯೇ ಹೆಚ್ಚು ಚಂದ.

ಈಗ ಕ್ರಮ ತಿರುಗಿದೆ. ಮೊದಲು ಕಮಾನು, ಆಮೇಲೆ ಸೈಟು, ಆಮೇಲೆ ಮನೆ, ಎಲ್ಲ ಆದ ಮೇಲೆ ಚರಂಡಿ. ನಗರದ ಕೊಳಚೆ ನೀರು ಶುದ್ಧವಾಗುವ ಘಟಕಗಳು ವಿದ್ಯಾರಣ್ಯಪುರಂ, ರಾಯನಕೆರೆ, ಕೆಸರೆಯಲ್ಲಿವೆ. ನಿಮ್ಮ ಬಡಾವಣೆಯ ಪೈಪು ಆ ಜಾಲಕ್ಕೆ ಸೇರಿದೆಯಾ? ಹಲವು ಕಡೆ ಸೇರಿಲ್ಲ. ಪೈಪು ಬಡಾವಣೆಯ ತಗ್ಗಿನ ಮೂಲೆಯವರೆಗೆ ಹೋಗಿ ನಿಲ್ಲುತ್ತದೆ, ಅಲ್ಲಿಂದ ಮುಂದೆ ಹಳ್ಳ, ಇಲ್ಲವೇ ಯಾರದೋ ಊರಿನ ಕೆರೆ. 2024ರ ಮೇ ತಿಂಗಳಲ್ಲಿ ಕೆ. ಸಾಲುಂಡಿ ಗ್ರಾಮದಲ್ಲಿ ಕಲುಷಿತ ನೀರು ಕುಡಿದು ಹತ್ತಾರು ಜನ ಆಸ್ಪತ್ರೆ ಸೇರಿದರು, ಒಬ್ಬ ಯುವಕ ತೀರಿಕೊಂಡ. ನಗರದ ಅಂಚಿನ ಹಳ್ಳಿ ಅದು. ಪ್ಲೇಗಿನ ಪಾಠ ಕಲಿತ ಊರಿನ ಪಕ್ಕದಲ್ಲೇ ಹೀಗಾಯಿತು ಎಂಬುದು ನನಗೆ ತುಂಬಾ ನೋವು ಕೊಟ್ಟ ವಿಷಯ.

ನೀವು ಮಾಡಬಹುದಾದದ್ದು ಇದೆ. ನಾಲ್ಕು ಮನೆಯವರು ಸೇರಿ, ಚರಂಡಿ ಕೆಲಸದವರನ್ನು ಕರೆಸಿ, ಬಡಾವಣೆಯ ಕಟ್ಟಕಡೆಯ ಮ್ಯಾನ್‌ಹೋಲಿನ ಮುಚ್ಚಳ ತೆಗೆಸಿ. ಯಾರೂ ಒಳಗೆ ಇಳಿಯುವುದು ಬೇಡ, ಅದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ. ಮೇಲಿನಿಂದ ನೋಡಿದರೆ ಸಾಕು. ನೀರು ಹರಿಯದೆ ತುಂಬಿ ನಿಂತಿದೆಯೋ, ಮುಂದಕ್ಕೆ ಪೈಪು ಇದೆಯೋ ಗೊತ್ತಾಗುತ್ತದೆ. ಫೋಟೊ ತೆಗೆದುಕೊಳ್ಳಿ. ಬಡಾವಣೆಯನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡಿದ್ದಾರಾ, ಮಾಡಿದ್ದರೆ ಒಳಚರಂಡಿ ಸಂಪರ್ಕ ಎಲ್ಲಿಗೆ ಎಂದು ಮಾಹಿತಿ ಹಕ್ಕಿನಲ್ಲಿ ಬರೆದು ಕೇಳಿ. ಹಸ್ತಾಂತರ ಆಗದ ಬಡಾವಣೆಯಲ್ಲಿ ಪಟ್ಟಣ ಪಂಚಾಯಿತಿ ‘ನಮ್ಮದಲ್ಲ’ ಅನ್ನುತ್ತದೆ, ಬಡಾವಣೆ ಮಾಡಿದವರು ‘ನಮ್ಮ ಕೆಲಸ ಮುಗಿಯಿತು’ ಅನ್ನುತ್ತಾರೆ. ನಡುವೆ ಸಿಕ್ಕಿಕೊಳ್ಳುವವರು ನೀವು. ಬೋಗಾದಿ ಪಟ್ಟಣ ಪಂಚಾಯಿತಿಯಾದದ್ದೇ ಕೆಲವು ವರ್ಷಗಳ ಹಿಂದೆ. ನಗರ ಪಾಲಿಕೆಯಲ್ಲೂ ಚುನಾಯಿತ ಸದಸ್ಯರ ಕೌನ್ಸಿಲಿನ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಇಂಥ ಹೊತ್ತಿನಲ್ಲಿ ಬಾಯಿಮಾತಿನ ದೂರಿಗೆ ಬೆಲೆ ಕಡಿಮೆ. ಬರವಣಿಗೆಯಲ್ಲಿರಲಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಸೈಟು ನೋಡುತ್ತಿರುವ ಇತರರಿಗೂ ನನ್ನ ಮಾತು ಇದೇ. ಕಮಾನು ನೋಡಬೇಡಿ, ಕೊನೆಯ ಮ್ಯಾನ್‌ಹೋಲ್ ನೋಡಿ.

ಪ್ರಶ್ನೆ: ಮದ್ದೂರಿನಲ್ಲಿ ಹಳೆಯ ಹೆದ್ದಾರಿ ಬದಿ ನಮ್ಮದು ಚಿಕ್ಕ ಹೋಟೆಲ್. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ವ್ಯಾಪಾರ ಅರ್ಧಕ್ಕಿಳಿದಿದೆ. ಮೈಸೂರಿನವರಿಗೆ ಬೆಂಗಳೂರು ಹತ್ತಿರವಾಯಿತು ಎಂದು ಎಲ್ಲರೂ ಖುಷಿಪಡುತ್ತಾರೆ. ನಮ್ಮ ನಷ್ಟ ಯಾರ ಲೆಕ್ಕಕ್ಕೆ?
— ಹೋಟೆಲ್ ನಡೆಸುವವರು, ಮದ್ದೂರು

ಉತ್ತರ: ಯಾರ ಲೆಕ್ಕಕ್ಕೂ ಬರೆದುಕೊಂಡಿಲ್ಲ, ಅದೇ ತಪ್ಪು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿಲೋಮೀಟರ್ ರಸ್ತೆ ಅದು. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ, ನಿಮ್ಮೂರ ವಡೆ, ಎಲ್ಲದರ ಪಕ್ಕದಿಂದ ಹಾದು ಹೋಗುತ್ತದೆ. ಕಾರಿನಲ್ಲಿ ಹೋಗುವವರಿಗೆ ಸಮಯ ಉಳಿಯಿತು. ಬೈಕು, ಆಟೊದವರಿಗೆ ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ಪ್ರವೇಶವೇ ಇಲ್ಲ. ಲಾಭ ಒಂದು ಗುಂಪಿಗೆ, ನಷ್ಟ ಇನ್ನೊಂದು ಗುಂಪಿಗೆ ಹೋದಾಗ, ಲಾಭದ ಒಂದು ಪಾಲಿನಿಂದ ನಷ್ಟ ತುಂಬಿಕೊಡಬೇಕು. ಟೋಲ್ ದುಡ್ಡು ವಸೂಲಾಗುತ್ತಿದೆ ಅಲ್ವಾ? ಊರುಗಳ ಒಳಗೆ ಇಳಿದು ಮತ್ತೆ ಹತ್ತಲು ಸರಿಯಾದ ದಾರಿ, ನೀವು ಮಾರುವುದಕ್ಕೆ ವಿಶ್ರಾಂತಿ ತಾಣಗಳಲ್ಲಿ ಮಳಿಗೆ, ಇದನ್ನು ಕೇಳುವುದು ನಿಮ್ಮ ಹಕ್ಕು. ಒಬ್ಬರೇ ಕೇಳಬೇಡಿ, ರಾಮನಗರದಿಂದ ಮಂಡ್ಯದವರೆಗಿನ ಅಂಗಡಿಯವರು ಸೇರಿ ಕೇಳಿ.

ವ್ಯಾಪಾರದ ಬಗ್ಗೆ ಒಂದು ಸಲಹೆ. ಹಾದು ಹೋಗುವ ಗಿರಾಕಿ ಇನ್ನು ಮೊದಲಿನಷ್ಟು ಬರುವುದಿಲ್ಲ. ಮದ್ದೂರು ವಡೆ ಹುಟ್ಟಿದ್ದು ರಸ್ತೆಯಲ್ಲಲ್ಲ, ರೈಲ್ವೆ ಸ್ಟೇಷನ್ನಿನಲ್ಲಿ. ಎರಡು ಮೂರು ದಿನ ಕೆಡದೆ ಇರುವ ತಿಂಡಿ ಅದು, ಪ್ಯಾಕ್ ಮಾಡಿ ಮೈಸೂರಿನ ಅಂಗಡಿಗಳಿಗೆ ಕೊಡಬಹುದು. ಊಟಕ್ಕೆ ಊರಿನವರನ್ನೇ ನಂಬಿ, ಬೆಲೆ ಅವರ ಜೇಬಿಗೆ ಹೊಂದಲಿ.

ಪ್ರಶ್ನೆ: ತಲಾ ಆದಾಯ ಜಾಸ್ತಿಯಾದರೆ ಜನರ ಬದುಕು ಸುಧಾರಿಸಿತು ಎಂದು ಬರೆದರೆ ಅಂಕ ಸಿಗುತ್ತಾ?
— ಪಿಯು ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಅರ್ಧ ಸಿಗಬಹುದಮ್ಮ. ಒಂದು ಬೀದಿಯಲ್ಲಿ ಹತ್ತು ಮನೆ, ಎಲ್ಲರ ಆದಾಯ 20 ಸಾವಿರ. ಒಬ್ಬರದ್ದು 2 ಲಕ್ಷ 20 ಸಾವಿರಕ್ಕೆ ಏರಿತು ಎಂದುಕೋ. ಬೀದಿಯ ಸರಾಸರಿ 40 ಸಾವಿರ ಆಗುತ್ತದೆ, ಅಂದರೆ ದುಪ್ಪಟ್ಟು. ಉಳಿದ ಒಂಬತ್ತು ಮನೆಯಲ್ಲಿ ಏನೂ ಬದಲಾಗಿಲ್ಲ. ಈ ಲೆಕ್ಕ ಬರೆದು, ಜೊತೆಗೆ ಆರೋಗ್ಯ, ಶಿಕ್ಷಣ, ಕುಡಿಯುವ ನೀರು ಸೇರಿಸಿದರೆ ಪೂರ್ತಿ ಅಂಕ ಕೊಡದ ಮೇಷ್ಟ್ರು ಇರಲಾರರು.

ಪ್ರಶ್ನೆ: 2015ರಲ್ಲಿ, 2016ರಲ್ಲಿ ನಾವು ದೇಶದ ನಂಬರ್ ಒನ್ ಸ್ವಚ್ಛ ನಗರ. ಈಗ ಯಾಕೆ ಆ ಸ್ಥಾನ ಇಲ್ಲ?
— ಓದುಗರು, ಕುವೆಂಪುನಗರ

ಉತ್ತರ: ಸ್ಥಾನದ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಆ ಬಹುಮಾನ ನಸುಕಿನಲ್ಲೇ ಪೊರಕೆ ಹಿಡಿದು ಬರುವ ಪೌರಕಾರ್ಮಿಕರದ್ದು. ಅವರ ಕೆಲಸ ಮೊದಲಿಗಿಂತ ಕಷ್ಟವಾಗಿದೆ, ಯಾಕೆಂದರೆ ಊರು ಹರಡಿದೆ, ಪ್ಲಾಸ್ಟಿಕ್ ಹೆಚ್ಚಿದೆ. ಕುಂಬಾರಕೊಪ್ಪಲಿನ ಕಸ ವಿಂಗಡಣಾ ಘಟಕ ನೋಡಿ ಬನ್ನಿ. ಮನೆಯಲ್ಲೇ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಟ್ಟರೆ ಅದಕ್ಕೆ ಬೆಲೆ ಬರುತ್ತದೆ. ಬೆರೆಸಿ ಕೊಟ್ಟರೆ ವಿದ್ಯಾರಣ್ಯಪುರಂನ ಸೂಯೇಜ್ ಫಾರಂನ ಕಸದ ರಾಶಿಗೆ ಸೇರುತ್ತದೆ, ಸುತ್ತಲಿನವರು ಅದರ ಗಾಳಿ ಕುಡಿಯುತ್ತಾರೆ. ನಮ್ಮ ಸ್ವಚ್ಛತೆಯ ಖರ್ಚನ್ನು ಅವರು ತೆರಬಾರದು.

ಪ್ರಶ್ನೆ: ನಾನು ಮನೆಯಲ್ಲೇ ಊದಿನಕಡ್ಡಿ ಹೊಸೆಯುತ್ತೇನೆ. ಮದುವೆಯಾಗಿ ಬಂದಾಗಿನಿಂದ ಇದೇ ಕೆಲಸ. ಈಗ ಮಷೀನು ಬಂದು ಕೆಲಸ ಕಡಿಮೆಯಾಗಿದೆ, ಕೂಲಿ ಮಾತ್ರ ಏರಿಲ್ಲ. ಸೊಂಟ ನೋವು. ಊರು ಬೆಳೆಯುತ್ತಿದೆ ಅಂತೀರಿ. ನಮ್ಮಂಥವರು ಆ ಬೆಳವಣಿಗೆಯಲ್ಲಿ ಇದ್ದೀವಾ ಅಮ್ಮ?
— ಮಗಳ ಕೈಯಲ್ಲಿ ಬರೆಸಿದವರು, ಎನ್.ಆರ್. ಮೊಹಲ್ಲಾ

ಉತ್ತರ: ಇದ್ದೀರಿ ತಾಯಿ, ಅಡಿಪಾಯದಲ್ಲೇ ಇದ್ದೀರಿ. ಮೈಸೂರು ಅಗರಬತ್ತಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಇದೆ, ಲೋಕಕ್ಕೆಲ್ಲ ಅದರ ಪರಿಮಳ ಗೊತ್ತು. ಆ ಹೆಸರು ಬಂದದ್ದು ನಿಮ್ಮಂಥವರ ಅಂಗೈಯಿಂದ. ನಿಮ್ಮ ಕಡೆಯ ಮನೆಗಳಲ್ಲಿ ಈ ಕೆಲಸ ಕೂತು ನೋಡಿದ್ದೇನೆ. ಇದ್ದಿಲ ಪುಡಿ, ಜಿಗಟು ಕಲಸಿದ ಉಂಡೆ. ಮುಂದೆ ಗಿಡ್ಡ ಮಣೆ. ಬಿದಿರು ಕಡ್ಡಿಯನ್ನು ಮಣೆಯ ಮೇಲಿಟ್ಟು ಚಿಟಿಕೆ ಮಸಾಲೆ ಹಚ್ಚಿ ಅಂಗೈಯಲ್ಲಿ ಒಂದೇ ಎಳೆತಕ್ಕೆ ಉರುಳಿಸಬೇಕು. ಹಿಡಿಯುವ ತುದಿ ಬಿಟ್ಟು ಉಳಿದದ್ದೆಲ್ಲ ಒಂದೇ ದಪ್ಪ ಇರಬೇಕು, ಒತ್ತಡ ಜಾಸ್ತಿಯಾದರೆ ಒಂದು ಕಡೆ ತೆಳುವಾಗಿ ಉರಿಯುವಾಗ ಆರುತ್ತದೆ. ಮುಂದಕ್ಕೆ ಬಗ್ಗಿ ಬಗ್ಗಿಯೇ ನಿಮಗೆ ಸೊಂಟ ಹಿಡಿದಿರುವುದು. ಮಣೆಯನ್ನು ಮೇಜಿನ ಎತ್ತರಕ್ಕೆ ಏರಿಸಿಕೊಂಡು ಕುರ್ಚಿಯ ಮೇಲೆ ಕೂತು ಹೊಸೆದು ನೋಡಿ. ನೋವು ಬಿಡದಿದ್ದರೆ ಡಾಕ್ಟರಿಗೆ ತೋರಿಸಿ.

ಕೂಲಿಯ ಮಾತಿಗೆ ಬರೋಣ. ಸರ್ಕಾರ ಈ ಉದ್ಯಮ ಉಳಿಸಲೆಂದು 2019ರಲ್ಲಿ ಹೊರದೇಶದ ಅಗರಬತ್ತಿಯ ಆಮದಿಗೆ ಕಡಿವಾಣ ಹಾಕಿತು. 2020ರಲ್ಲಿ ಬಿದಿರು ಕಡ್ಡಿಯ ಆಮದು ಸುಂಕವನ್ನು ಶೇ 10ರಿಂದ 25ಕ್ಕೆ ಏರಿಸಿತು. ಇದು ಕಾರ್ಖಾನೆಯನ್ನು ಕಾಪಾಡುವ ಕ್ರಮ. ಹೊಸೆಯುವವರಿಗೆ ಅದರ ಪಾಲು ತಾನಾಗಿ ಇಳಿದು ಬರುವುದಿಲ್ಲ, ಕೇಳಬೇಕು. ಕರ್ನಾಟಕದಲ್ಲಿ ಅಗರಬತ್ತಿ ಉದ್ಯಮ ಕನಿಷ್ಠ ವೇತನದ ಪಟ್ಟಿಯಲ್ಲಿದೆ. ಇಷ್ಟು ಕಡ್ಡಿಗೆ ಇಷ್ಟು ಎಂದು ದರ ಇರುತ್ತದೆ. ಮಗಳನ್ನು ಕರೆದುಕೊಂಡು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಈ ವರ್ಷದ ದರದ ಪ್ರತಿ ಕೇಳಿ. ಬಸ್ಸಿಗೆ ಶಕ್ತಿ ಯೋಜನೆ ಇದೆ, ಖರ್ಚಿಲ್ಲ. ಇ-ಶ್ರಮ್ ಕಾರ್ಡ್ ಮಾಡಿಸಿಲ್ಲದಿದ್ದರೆ ಅದನ್ನೂ ಮಾಡಿಸಿ. ಅಸಂಘಟಿತ ಕಾರ್ಮಿಕರ ಪಟ್ಟಿಯಲ್ಲಿ ನಿಮ್ಮ ಹೆಸರು ಇರಬೇಕು.

ಅದಕ್ಕೂ ಮೊದಲು ಒಂದು ಕೆಲಸ. ಮಾಲು ತರುವವರು ಎಷ್ಟು ಕಡ್ಡಿ, ಎಷ್ಟು ಮಸಾಲೆ ಕೊಟ್ಟರು, ನೀವು ಎಷ್ಟು ವಾಪಸ್ ಕೊಟ್ಟಿರಿ, ‘ಸರಿಯಿಲ್ಲ’ ಎಂದು ಎಷ್ಟು ತೆಗೆದು ಹಾಕಿದರು, ದುಡ್ಡು ಎಷ್ಟು ಬಂತು ಎಂದು ಮಗಳ ಕೈಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಸಿ. ಅಕ್ಕಪಕ್ಕದ ಮನೆಯವರಿಗೂ ಹೇಳಿ. ಒಂದು ತಿಂಗಳ ಲೆಕ್ಕ ತುಂಬಿದ ಮೇಲೆ ಅದರ ಜೆರಾಕ್ಸ್ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಸರ್ಕಾರಿ ದರದ ಪಕ್ಕದಲ್ಲಿಟ್ಟು ನೋಡಿ ನಿಮಗೆ ಎಷ್ಟು ಬಾಕಿ ಬರಬೇಕು ಎಂದು ನಾನು ಬರೆದು ಕೊಡುತ್ತೇನೆ. ಕಾರ್ಮಿಕ ಅಧಿಕಾರಿಗೆ ಕೊಡುವ ಅರ್ಜಿಗೆ ಅದನ್ನು ಲಗತ್ತಿಸಬಹುದು.